ತಿರುಗದ ಚಾವಿ ಕೊಡದವರು

ಮಲಾಡ್ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ಬರುವ ದಾರಿಯಲ್ಲಿ ಒಂದು ಶಾಲೆಯ ಕಾಂಪೌಂಡ್ ಗೋಡೆ ಇದೆ. ಅದರ ಬುಡದಲ್ಲಿ ಈಗ ಮೊಬೈಲ್ ಕವರ್ ಮಾರುವವನೊಬ್ಬ ಕೂತಿದ್ದಾನೆ. ಒಳ್ಳೆಯವನೇ ಇರಬಹುದು, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಆ ಜಾಗ ಬಂದಾಗ ನಾನು ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತೇನೆ. ಮೊನ್ನೆ ಶ್ರಾವಣದವರೆಗೆ ಅಲ್ಲಿ ಕೂತಿದ್ದವರು ಬೇರೆ.

ಅವರ ಹೆಸರು ಬರೆಯುವುದಿಲ್ಲ. ವಿಜಯಪುರ ಜಿಲ್ಲೆಯವರು ಅಂದರೆ ಸಾಕು. ಯಾರ ಬೀಗಕ್ಕೆ ಯಾರಿಗೆ ಚಾವಿ ಮಾಡಿಕೊಟ್ಟೆ ಎಂದು ಜನ್ಮದಲ್ಲಿ ಬಾಯಿ ಬಿಡದ ಮನುಷ್ಯ ಅವರು. ಅಂಥವರನ್ನು ಸತ್ತ ಮೇಲೆ ಹೆಸರು ಹಿಡಿದು ಕೂಗುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿನ ಜನ ಅವರನ್ನು ಚಾವಿವಾಲಾ ಅನ್ನುತ್ತಿದ್ದರು. ನಾನು ಅಣ್ಣಾರ ಅನ್ನುತ್ತಿದ್ದೆ. ಅವರು ನನ್ನನ್ನು ಅಕ್ಕೋರ ಅನ್ನುತ್ತಿದ್ದರು, ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಕರೆಯುವುದೇ ಹಾಗೆ. ನಾನು ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಅವರೂ ಏನು ಕಡಿಮೆ ಇರಲಿಲ್ಲ. ನಮ್ಮಿಬ್ಬರ ಪರಿಚಯದ ಅರ್ಧಭಾಗ ಜಗಳದಲ್ಲಿಯೇ ಹೋಗಿದೆ.

ಅವರ ಅಂಗಡಿ ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಚಾವಿ ಕಚ್ಚಿ ಹಿಡಿಯುವ ಒಂದು ಸಣ್ಣ ವೈಸ್, ಗೋಡೆಯ ಮೊಳೆಗೆ ತಂತಿಯಲ್ಲಿ ಪೋಣಿಸಿ ತೂಗುಹಾಕಿದ ಹಲ್ಲಿಲ್ಲದ ಚಾವಿಗಳು. ಮಳೆಗಾಲದಲ್ಲಿ ಮೇಲೊಂದು ನೀಲಿ ತಾಡಪತ್ರಿ. ಚಾವಿ ಕೊರೆಯುವ ಮಷೀನು ಇರಲಿಲ್ಲ. ಕಾನಸ ಎಂದು ಅವರು ಕರೆಯುತ್ತಿದ್ದ ಅರ ನಾಲ್ಕೈದು ಬಗೆಯವಿದ್ದವು. ಚಾವಿಯ ಹಲ್ಲನ್ನು ಅವುಗಳಿಂದ ಕೈಯಲ್ಲೇ ತೀಡುತ್ತಿದ್ದರು. ತೀಡುವಾಗ ಕಣ್ಣು ಚಾವಿಯ ಮೇಲಿರುತ್ತಿರಲಿಲ್ಲ, ಎದುರಿಗೆ ನಿಂತವನ ಮುಖದ ಮೇಲಿರುತ್ತಿತ್ತು. ಎತ್ತರದ ಆಳು, ಗೋಡೆಗೆ ಒರಗದೆ ನೆಟ್ಟಗೆ ಕೂಡುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಅರದ ಏಟು ತಿಂದು ತಿಂದು ಅರ್ಧಕ್ಕೇ ನಿಂತಿತ್ತು.

ಮೊದಲ ಸಲ ಅವರನ್ನು ಕಂಡದ್ದು ನನ್ನದೇ ತಪ್ಪಿನಿಂದ. ಹನ್ನೊಂದು ವರ್ಷದ ಹಿಂದಿನ ಖಂಡೇನವಮಿ, ಆಯುಧಪೂಜೆಯ ದಿನ. ನಮ್ಮ ಮನೆಯವರು ತಮ್ಮ ಹಳೆಯ ಸಣ್ಣ ಕಾರನ್ನು ಹೆಂಡತಿಗಿಂತ ಹೆಚ್ಚು ನೋಡಿಕೊಳ್ಳುತ್ತಿದ್ದರು, ಹೀಗಾಗಿ ಅದರ ಪೂಜೆ ನಾನೇ ಮಾಡಬೇಕೆಂದು ಹಟ ಹಿಡಿದೆ. ಗಾಲಿಗೆ ಲಿಂಬೆಹಣ್ಣು, ಮುಂದೆ ಚೆಂಡುಹೂವಿನ ಮಾಲೆ, ಸ್ಟೇರಿಂಗಿಗೆ ಗಂಧ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಗಾಡಿಯ ಜೀವ ಇರುವುದೇ ಇಲ್ಲಿ ಅಂದುಕೊಂಡು ಚಾವಿ ಹಾಕುವ ಕಿಂಡಿಗೂ ಒದ್ದೆ ಬೆರಳಿನಿಂದ ಅರಿಶಿನ ಕುಂಕುಮ ಧಾರಾಳವಾಗಿ ಹಚ್ಚಿದೆ. ಮರುದಿನ ದಸರೆಗೆ ನೆಂಟರ ಮನೆಗೆ ಹೊರಟರೆ ಚಾವಿ ಒಳಗೆ ಹೋಯಿತು, ತಿರುಗಲಿಲ್ಲ. ನಮ್ಮವರು ಕೊಬ್ಬರಿ ಎಣ್ಣೆ ಬಿಟ್ಟರು. ಅರಿಶಿನ, ಕುಂಕುಮ, ಎಣ್ಣೆ ಕೂಡಿ ಒಳಗೆ ಏನಾಯಿತೋ ದೇವರಿಗೇ ಗೊತ್ತು, ಚಾವಿ ಹೊರಗೂ ಬರಲಿಲ್ಲ. ಗ್ಯಾರೇಜಿನವನು ಬಂದು ನೋಡಿ, ಲಾಕ್ ಒಡೆದು ಹೊಸದು ಹಾಕಬೇಕು ಎಂದ. ಆಗ ನಮ್ಮ ವಾಚಮನ್ ಹೋಗಿ ಇವರನ್ನು ಕರೆತಂದ.

ಇವರು ಬಂದವರೇ ಬಾಗಿ ಕಿಂಡಿ ನೋಡಿದರು. ಮೂಸಿದರು. ಆಮೇಲೆ ಮಾಲೆ ನೋಡಿದರು, ಲಿಂಬೆಹಣ್ಣು ನೋಡಿದರು, ನನ್ನ ಮುಖ ನೋಡಿದರು.

“ಊರು ಯಾವುದ್ರಿ?” ಎಂದರು, ಕನ್ನಡದಲ್ಲಿ.

“ಧಾರವಾಡ.”

“ಅದಕ್ಕ. ಈ ಮುಂಬೈದಾಗ ಲಾಕಿಗೆ ಕುಂಕುಮ ಹಚ್ಚಿದಾವರ ಮನಿ ಇದು ನಾಕನೇದು. ನಾಕೂ ನಮ್ಮ ಕಡೇವರದ.”

ನಮ್ಮವರು ಬಿದ್ದು ಬಿದ್ದು ನಕ್ಕರು. ನಾನು ಮುಖ ಕೆಂಪು ಮಾಡಿಕೊಂಡು, “ಒಡದು ಹೊಸಾದು ಹಾಕ್ರಿ, ಮುಗೀತದ” ಅಂದೆ. ಅವರು ಸೆಟೆದು ನಿಂತರು.

“ಲಾಕ್ ಒಡ್ಯಾಕ ನಾ ಯಾಕ ಬೇಕ್ರಿ ಅಕ್ಕೋರ? ಅದಕ್ಕ ಕಳ್ಳರದಾರ.”

ನಾನು ಟೀಚರ್ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದ್ದೆ. “ನೀವು ಮಾತಾಡಿದ್ದ ಹಂಗಿತ್ತು, ಬೆಂಚಿನ ಮ್ಯಾಲ ನಿಲ್ಲಸ್ತೀರೇನೋ ಅನಸ್ತು” ಎಂದಿದ್ದರು.

ಅವತ್ತು ನಾಲ್ಕು ತಾಸು ಕೂತರು. ಸ್ಟೇರಿಂಗನ್ನು ಇಷ್ಟಿಷ್ಟೇ ಅಲುಗಿಸುತ್ತ ಚಾವಿ ಹೊರಗೆ ತೆಗೆದರು. ಸಣ್ಣ ಸೂಜಿಯಿಂದ ಕೆದಕುವುದು, ಪೆಟ್ರೋಲಿನ ಹನಿ ಬಿಡುವುದು, ಸೈಕಲ್ ಪಂಪಿನಿಂದ ಗಾಳಿ ಊದುವುದು, ಮತ್ತೆ ಕೆದಕುವುದು. ಕೆಂಪು ಹಳದಿ ಕೆಸರು ಹೊರಗೆ ಬರುತ್ತಲೇ ಇತ್ತು. ಕೊನೆಗೆ, “ಮನ್ಯಾಗ ಪೆನ್ಸಿಲ್ ಐತ್ರಿ?” ಎಂದು ಕೇಳಿದರು. ಟೀಚರ್ ಮನೆಯಲ್ಲಿ ಪೆನ್ಸಿಲ್ಲಿಗೇನು ಬರ. ಅದರ ಕಡ್ಡಿಯನ್ನು ಬ್ಲೇಡಿನಿಂದ ಹೆರೆದು, ಆ ಕರಿ ಪುಡಿಯನ್ನು ಕಾಗದದ ಕೊಳವೆಯಿಂದ ಲಾಕಿನೊಳಗೆ ಊದಿದರು. ಚಾವಿ ಹಾಕಿದರು, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ತಿರುಗಿತು. “ಎಣ್ಣಿ ಮಾತ್ರ ಹಾಕಬ್ಯಾಡ್ರಿ. ಎಣ್ಣಿ ಧೂಳಾ ಹಿಡೀತೈತಿ. ಮುಂದಿನ ವರ್ಷ ಪೂಜಿ ಮಾಡೂದಿದ್ರ ಗಾಲಿಗೆ ಮಾಡ್ರಿ” ಎಂದು ಹೇಳಿ ಹೋದರು.

ಅಂದಿನಿಂದ ಸ್ಟೇಷನ್ನಿಗೆ ಹೋಗುತ್ತ ಬರುತ್ತ ಅವರ ಪೆಟ್ಟಿಗೆಯ ಮುಂದೆ ಐದು ನಿಮಿಷ ನಿಲ್ಲುವುದು ರೂಢಿಯಾಯಿತು. ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಒಮ್ಮೆ ದೊಡ್ಡ ಗಾಡಿಯವನೊಬ್ಬ ಬೆವರು ಸುರಿಸುತ್ತ ಓಡಿಬಂದ, ಚಾವಿ ತಿರುಗುತ್ತಿಲ್ಲ, ವಿಮಾನ ತಪ್ಪುತ್ತದೆ ಎಂದು. ಇವರು ಪೆಟ್ಟಿಗೆಯನ್ನೂ ಎತ್ತಿಕೊಳ್ಳದೆ ಬರಿಗೈಯಲ್ಲಿ ಹೋದರು. ಮುಂದಿನ ಗಾಲಿ ಫುಟ್‌ಪಾತಿನ ಕಲ್ಲಿಗೆ ಒತ್ತಿ ನಿಂತಿತ್ತು, ಆ ಒತ್ತಡಕ್ಕೆ ಸ್ಟೇರಿಂಗಿನ ಲಾಕ್ ಬಿಗಿದಿತ್ತು. ಒಂದು ಕೈಯಿಂದ ಸ್ಟೇರಿಂಗನ್ನು ಗಟ್ಟಿಯಾಗಿ ಕಲ್ಲಿನ ಕಡೆಗೆ ಎಳೆದು ಹಿಡಿದು ಇನ್ನೊಂದು ಕೈಯಿಂದ ಚಾವಿ ತಿರುಗಿಸಿದರು. ಅಷ್ಟೇ. ಅವನು ಪಾಕೀಟು ತೆಗೆದರೆ, “ಚಾವಿ ಮಾಡಿಲ್ಲ, ಲಾಕ್ ಬಿಚ್ಚಿಲ್ಲ, ಯಾತರ ರೊಕ್ಕ?” ಎಂದು ಚಹಾ ಮಾತ್ರ ಕುಡಿದರು.

ಆದರೆ ಕಾಗದಪತ್ರ ಇಲ್ಲದೆ ಕಾರಿನ ಚಾವಿ ಮಾಡಿಸಲು ಬಂದರೆ ಅದೇ ಮನುಷ್ಯ ಕಲ್ಲು. ಗಾಡಿಯ ಆರ್‌ಸಿ ಬೇಕು, ಅದರಲ್ಲಿದ್ದ ಹೆಸರಿನವರೇ ಎದುರಿಗೆ ಬರಬೇಕು. ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬಂದಿದ್ದ. ಯಾರೋ ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದ್ದಾರೆ, ತೆರೆದು ಸರಿಸಿಕೊಡಿ ಎಂದು. ಆತ ಬೈದ, ಇಲ್ಲಿಂದ ಎತ್ತಂಗಡಿ ಮಾಡಿಸುತ್ತೇನೆ ಎಂದ. ಇವರು ಅರ ತೀಡುತ್ತಲೇ ಇದ್ದರು. ಆತ ಹೋದ ಮೇಲೆ, “ಇಷ್ಟು ಯಾಕ್ ಹಟಾ ಅಣ್ಣಾರ?” ಎಂದು ಕೇಳಿದೆ.

ಆಗ ಹೇಳಿದರು. ಹರೆಯದಲ್ಲಿ ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಇದ್ದಾಗ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವನೊಬ್ಬ ಬಂದು ಟ್ಯಾಕ್ಸಿಗೆ ಚಾವಿ ಮಾಡಿಸಿಕೊಂಡು ಹೋದನಂತೆ. ಎರಡು ದಿನ ಬಿಟ್ಟು, ಕಳುವಾದ ಆ ಟ್ಯಾಕ್ಸಿಯ ಮಾಲೀಕ ಹುಡುಕಿಕೊಂಡು ಬಂದ. ಜಗಳ ಮಾಡಲಿಲ್ಲ. ವರ್ಕ್‌ಶಾಪಿನ ಎದುರು ಕೂತ, ಸಂಜೆಯವರೆಗೆ ಕೂತ, ಎದ್ದು ಹೋದ. “ಆಂವ ಎರಡು ಬಡದಿದ್ರ ನಾ ಮರತು ಬಿಡ್ತಿದ್ನಿ, ಅಕ್ಕೋರ. ಆಂವ ಸುಮ್ಮ ಕುಂತ” ಎಂದರು. ಅಷ್ಟು ಹೇಳಿ ಮತ್ತೆ ಅರ ಹಿಡಿದರು.

ಇನ್ನೊಂದು ನಿಯಮವಿತ್ತು. ಚಾವಿ ಕಳೆದಿದೆ ಎಂದವರಿಗೆ ಬರಿ ಹೊಸ ಚಾವಿ ಮಾಡಿಕೊಟ್ಟು ಕಳಿಸುತ್ತಿರಲಿಲ್ಲ. ಲಾಕನ್ನು ಬಿಚ್ಚಿ, ಒಳಗೆ ಚಾವಿಯ ಹಲ್ಲಿಗೆ ಕೂಡುವ ಹಿತ್ತಾಳೆಯ ಪತ್ತಿಗಳನ್ನು ಅದಲುಬದಲು ಮಾಡಿ, ಆ ಹೊಸ ಜೋಡಣೆಗೆ ಚಾವಿ ತೀಡುತ್ತಿದ್ದರು. ಕಳೆದ ಚಾವಿ ಯಾರ ಕೈಗೆ ಸಿಕ್ಕಿದೆಯೋ ಅವನಿಗೆ ಗಾಡಿ ತೆರೆಯಬಾರದು. ಜನ ಗೊಣಗುತ್ತಿದ್ದರು. ಇವರು ಕೇಳುತ್ತಿರಲಿಲ್ಲ.

ಇಂಥವರ ಜೊತೆ ನನಗೆ ನಿಜವಾದ ಜಗಳ ಬಿದ್ದದ್ದು ಹೋದ ವರ್ಷ.

ನಮ್ಮ ಮನೆಯವರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ದೇವರ ದಯೆ, ಕೈಕಾಲು ಉಳಿದವು, ಮಾತು ಉಳಿಯಿತು. ಹೋದದ್ದು ಎಡಗಡೆಯ ನೋಟ. ಕಣ್ಣು ಚೆನ್ನಾಗಿಯೇ ಇವೆ, ಮಿದುಳಿಗೆ ಎಡಗಡೆ ಇರುವುದು ತಿಳಿಯುವುದಿಲ್ಲ, ಇನ್ನು ಗಾಡಿ ನಡೆಸುವ ಹಾಗಿಲ್ಲ ಎಂದರು ಡಾಕ್ಟರು. ನಮ್ಮವರು ನಂಬಲಿಲ್ಲ. ತಮಗೆ ಕಾಣದ್ದು ಇದೆ ಎಂದೇ ಅವರಿಗೆ ಅನಿಸುತ್ತಿರಲಿಲ್ಲ. ತಾಟಿನ ಎಡಬದಿಗೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿತ್ತು. “ಇವತ್ತ ಪಲ್ಯಾ ಮಾಡಿಲ್ಲೇನ?” ಎಂದು ನನಗೇ ಜೋರು ಮಾಡುತ್ತಿದ್ದರು. ನಾನು ತಾಟು ತಿರುಗಿಸಿದರೆ, “ಚಷ್ಮಾದ ನಂಬರ್ ಬದಲಾಗೇದ, ಅಷ್ಟ” ಎನ್ನುತ್ತಿದ್ದರು. ಚಷ್ಮಾ ಎರಡು ಸಲ ಬದಲಾಯಿತು.

ಆಸ್ಪತ್ರೆಯಿಂದ ಬಂದ ಹದಿನೈದನೆಯ ದಿನ ನಾನು ಸ್ನಾನಕ್ಕೆ ಹೋದಾಗ ಗಾಡಿ ತೆಗೆದುಕೊಂಡು ಹೋಗಿಯೇಬಿಟ್ಟರು. ಮಾರ್ಕೆಟ್ಟಿನ ತಿರುವಿನಲ್ಲಿ, ಎಡಗಡೆ ನಿಂತಿದ್ದ ಬಟಾಟೆಯ ಕೈಗಾಡಿಗೆ ತಾಗಿಸಿದರು. ಕೈಗಾಡಿ ಪಲ್ಟಿಯಾಯಿತು. ಬಟಾಟೆಯವಳು ಪಕ್ಕದ ಅಂಗಡಿಗೆ ಚಿಲ್ಲರೆ ತರಲು ಹೋಗಿದ್ದಳು, ಅದೊಂದು ಪುಣ್ಯ. ಆಕೆ ಯಾವಾಗಲೂ ನಿಲ್ಲುವ ಜಾಗದ ಮೇಲೆ ನಮ್ಮ ಗಾಡಿಯ ಗಾಲಿ ಹತ್ತಿತ್ತು ಎಂದು ನೋಡಿದವರು ಹೇಳಿದರು. ನಮ್ಮವರು ಮನೆಗೆ ಬಂದು, “ರಸ್ತೆದಾಗ ಅಡ್ಡ ನಿಲ್ಲಿಸ್ಯಾರ” ಎಂದು ಆಕೆಯನ್ನೇ ಬೈದರು.

ಅವತ್ತು ಮಧ್ಯಾಹ್ನ ಅವರು ಮಲಗಿದಾಗ ನಾನು ಎರಡೂ ಚಾವಿಗಳನ್ನು ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಹಾಕಿದೆ. ಎದ್ದ ಮೇಲೆ ಹುಡುಕಾಡಿದರು. “ನಿಮ್ಮ ಅಂಗಿ ಕಿಸೆದಿಂದ ಎಲ್ಲೋ ಬಿದ್ದಾವ. ಎರಡೂ ಒಂದ ಗೊಂಚಲದಾಗ ಇದ್ವು” ಅಂದೆ. ಮೂವತ್ತು ವರ್ಷ ಸುಳ್ಳು ಹೇಳಿದ ಮಕ್ಕಳ ಕಿವಿ ಹಿಂಡಿದವಳು ನಾನು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ, ನಾಲಿಗೆ ತಡವರಿಸಲಿಲ್ಲ. ಅವರು ತಮ್ಮ ನೆನಪಿನ ಮೇಲೆ ತಾವೇ ಅನುಮಾನಪಟ್ಟರು. ಆಮೇಲೆ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಚಾವಿಯ ಅಣ್ಣನಿಗೆ ಫೋನ್ ಮಾಡಿ ರವಿವಾರ ಬರಲು ಹೇಳಿದರು. ಅದು ನನ್ನ ಕಿವಿಗೆ ಬಿತ್ತು. ಸಂಜೆ ಗೋಡೆಯ ಹತ್ತಿರ ಓಡಿದೆ.

ಎಲ್ಲವನ್ನೂ ಹೇಳಿದೆ. ಕಣ್ಣಿನದು, ಬಟಾಟೆ ಗಾಡಿಯದು, ಹಿಟ್ಟಿನ ಡಬ್ಬಿಯದು. ಅವರು ಅರ ಕೆಳಗಿಟ್ಟು ಕೇಳಿದರು.

“ಈಗ ನಾ ಏನ್ ಮಾಡಬೇಕ್ರಿ?”

“ಬರಬ್ಯಾಡ್ರಿ.”

“ನಾ ಬರಲಿಲ್ಲಂದ್ರ ಸಾಹೇಬ್ರು ಮತ್ತೊಬ್ಬಾಂವನ ಕರೀತಾರ. ಆಂವ ಏನೂ ಕೇಳೂದಿಲ್ಲ, ಮಾಡಿ ಕೊಟ್ಟು ಹೋಗ್ತಾನ.”

“ಹಂಗಾದ್ರ ಬರ್ರಿ. ಬಂದು ತಿರಗದಂಥಾ ಚಾವಿ ಮಾಡಿ ಕೊಡ್ರಿ. ಲಾಕ್ ಕೆಟ್ಟೇದ, ರಿಪೇರಿ ಆಗೂದಿಲ್ಲ ಅನ್ರಿ. ನಿಮ್ಮ ಮಾತು ಕೇಳ್ತಾರ.”

ಅವರ ಮುಖ ಬದಲಾಯಿತು. ಅಂಥ ಸಿಟ್ಟನ್ನು ನಾನು ಅವರಲ್ಲಿ ನೋಡಿರಲಿಲ್ಲ.

“ನಲವತ್ತು ವರ್ಷದಾಗ ತಿರಗದ ಚಾವಿ ಒಬ್ಬರ ಕೈಯಾಗೂ ಇಟ್ಟಿಲ್ಲ ನಾ. ಗಾಡಿ ಅವರದು, ಆರ್‌ಸಿ ಅವರದು. ಮಾಲಕರಿಗೆ ಮೋಸ ಮಾಡಾಕ ನನ್ನಿಂದ ಆಗೂದಿಲ್ಲ.”

“ನಾಳೆ ಗಾಡಿ ಕೆಳಗ ಯಾರರ ಸತ್ರ? ಆ ಪಾಪ ನಿಮಗ ಹತ್ತೂದಿಲ್ಲೇನ್ರಿ?”

“ಹತ್ತತೈತಿ. ಅದಕ್ಕ ಬರ್ತೀನಿ. ರವಿವಾರದ ಮಟಾ ಟೈಮ್ ಐತಿ ಅಕ್ಕೋರ. ಚಾವಿ ಎಲ್ಲೈತಿ ಅಂತ ನೀವ ಅವರಿಗೆ ಹೇಳ್ರಿ.”

“ಹೇಳೂದಿಲ್ಲ.”

“ಆತು.” ಅರ ಮತ್ತೆ ಕೈಗೆ ಬಂತು. ನಾನು ಬಾಯಿಗೆ ಬಂದ ಹಾಗೆ ಅಂದು ಬಂದೆ. ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಗೋಡೆ ಬುಡದಲ್ಲಿ ಕೂತವನಿಗೆ ಇಷ್ಟು ಸೊಕ್ಕೇ ಎಂದೂ ಅಂದೆ.

ಮೂರು ದಿನ ಇತ್ತು. ಹೇಳಲಿಲ್ಲ. ಹೇಳಿದರೆ ಚಾವಿ ಕೊಡು ಅನ್ನುತ್ತಾರೆ, ಕೊಟ್ಟರೆ ಹೋಗುತ್ತಾರೆ, ಇದರಲ್ಲಿ ವಿಚಾರ ಮಾಡುವುದೇನಿದೆ ಎಂದು ಗಟ್ಟಿ ಮನಸ್ಸು ಮಾಡಿದ್ದೆ.

ರವಿವಾರ ಬೆಳಿಗ್ಗೆ ಹೇಳಿದ ವೇಳೆಗೆ ಸರಿಯಾಗಿ ಪೆಟ್ಟಿಗೆ ಹಿಡಿದು ಬಂದರು. ಮೂವರೂ ಕೆಳಗೆ ಪಾರ್ಕಿಂಗಿಗೆ ಹೋದೆವು. ನಮ್ಮವರು ಉತ್ಸಾಹದಲ್ಲಿದ್ದರು, ಆರ್‌ಸಿಯನ್ನು ಅವರು ಕೇಳುವ ಮೊದಲೇ ಮುಂದೆ ಹಿಡಿದರು. ಅಣ್ಣ ಅದನ್ನು ಪೂರ್ತಿ ಓದಿ ಮಡಚಿ ತಿರುಗಿ ಕೊಟ್ಟರು. ನಂತರ ಸಾವಕಾಶವಾಗಿ, ನನ್ನ ಕಡೆ ನೋಡದೆ ಹೇಳಿದರು.

“ಸಾಹೇಬ್ರ, ನನ್ನ ಪದ್ಧತಿ ನಿಮಗ ಗೊತ್ತೈತಿ. ಚಾವಿ ಕಳದಿದ್ರ ಪತ್ತಿ ಬದಲ ಮಾಡ್ತೀನಿ. ಹಳೇ ಚಾವಿ ಎರಡೂ ಇನ್ನ ಈ ಗಾಡಿಗೆ ನಡಿಯೂದಿಲ್ಲ. ಹೊಸಾದು ಒಂದ ಮಾಡ್ತೀನಿ, ನಿಮ್ಮ ಕೈಯಾಗ ಕೊಡ್ತೀನಿ. ಕಳದಿಲ್ಲ, ಮನ್ಯಾಗ ಎಲ್ಲೋ ಐತಿ ಅಂದ್ರ ಆ ಮಾತು ಬ್ಯಾರೆ. ಲಾಕ್ ಬಿಚ್ಚೂಕಿಂತ ಮದಲ ಹೇಳ್ರಿ.”

ಪತ್ತಿ ಬದಲಾದರೆ ನನ್ನ ಹಿಟ್ಟಿನ ಡಬ್ಬಿಯಲ್ಲಿ ಇರುವುದು ಎರಡು ತಗಡಿನ ತುಂಡು. ನಡೆಯುವ ಒಂದೇ ಒಂದು ಚಾವಿ ನಮ್ಮವರ ಕಿಸೆಯಲ್ಲಿ. ಅಣ್ಣ ಪೆಟ್ಟಿಗೆ ತೆರೆದರು. ಸ್ಕ್ರೂಡ್ರೈವರ್ ತೆಗೆದರು. ಅವಸರ ಮಾಡಲಿಲ್ಲ, ನಿಲ್ಲಿಸಲೂ ಇಲ್ಲ. ಮೊದಲನೆಯ ಸ್ಕ್ರೂ ಕೈಗೆ ಬಂದಾಗ ನನ್ನ ಬಾಯಿ ತೆರೆಯಿತು.

“ಚಾವಿ ಕಳದಿಲ್ಲ. ನನ್ನ ಹತ್ರ ಅವ.”

ನಮ್ಮವರು ನನ್ನನ್ನು ಹುಡುಕುವವರಂತೆ ತಲೆ ತಿರುಗಿಸಿದರು. ನಾನು ಮೇಲೆ ಹೋಗಿ ಡಬ್ಬಿಯಲ್ಲಿ ಮೊಳಕೈವರೆಗೆ ಕೈ ಹಾಕಿ ಚಾವಿ ತೆಗೆದು, ಸೆರಗಿನಿಂದ ಒರೆಸಿ, ತಂದು ಕೊಟ್ಟೆ. ಇನ್ನೂ ಹಿಟ್ಟು ಹತ್ತಿದ್ದ ಆ ಚಾವಿಯನ್ನು ನಮ್ಮವರು ಅಂಗೈಯಲ್ಲಿಟ್ಟುಕೊಂಡು ನೋಡಿದರು.

“ನಾನ ಮರತೇನಿ ಅಂದುಕೊಂಡಿದ್ದೆ” ಎಂದರು. “ನನ್ನ ತಲಿ ಕೆಟ್ಟದ ಅಂತ ಇಷ್ಟೂ ರಾತ್ರಿ ನಿದ್ದಿ ಮಾಡಿಲ್ಲ ನಾನು.”

ಅವರು ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತರು. ಅಣ್ಣ ಸ್ಕ್ರೂ ತಿರುಗಿ ಹಾಕಿ, ಅವರ ಎಡಕ್ಕೆ ಹೋಗಿ ಕೂತರು. “ಸುರು ಮಾಡ್ರಿ, ಲಾಕ್ ನೋಡೋಣ” ಎಂದರು. ಇಂಜಿನ್ ಸುರುವಾಯಿತು.

ನನಗೆ ತಡೆಯಲಾಗಲಿಲ್ಲ. ಹೋಗಲಿ, ನನ್ನ ಮೇಲಿಂದ ಹೋಗಲಿ ಎಂಬ ಹಟದಿಂದ ಸುತ್ತಿಬಂದು ಗಾಡಿಯ ಮುಂದೆ, ಎಡಗಡೆಯ ದೀಪದ ಎದುರು ನಿಂತುಬಿಟ್ಟೆ. ಬಲಗಡೆಯ ದೀಪದ ಎದುರು ಕಂಬವಿದ್ದುದರಿಂದ ನಿಲ್ಲಲು ಇದ್ದ ಜಾಗವೂ ಅದೇ. ಕಿಟಕಿಗಳು ತೆರೆದಿದ್ದವು, ಒಳಗಿನ ಮಾತು ಕೇಳುತ್ತಿತ್ತು.

“ಹ್ಯಾಂಡ್ ಬ್ರೇಕ್ ಮ್ಯಾಲಿಂದ ಕೈ ತೆಗೀರಿ” ಎಂದರು ನಮ್ಮವರು.

“ತೆಗೀತೀನ್ರಿ ಸಾಹೇಬ್ರ. ಅಕ್ಕೋರು ಎಲ್ಲದಾರ ಹೇಳ್ರಿ, ತೆಗೀತೀನಿ.”

“ಮ್ಯಾಲ ಹೋಗಿರಬೇಕು. ಸಿಟ್ಟು ಬಂದ್ರ ಹಂಗ ಹೋಗ್ತಾಳ ಆಕಿ.”

“ಮ್ಯಾಲ ಹೋಗಿಲ್ರಿ.”

“ಮತ್ತ ಎಲ್ಲದಾಳ?”

“ಗಾಡಿ ಮುಂದ ನಿಂತಾರ್ರಿ.”

ನಮ್ಮವರು ಮುಂದೆ ನೋಡಿದರು. ಗಾಜಿನ ಆಚೆ ನಾನು ಆರು ಅಡಿಯೂ ದೂರವಿರಲಿಲ್ಲ. ನನ್ನ ಕಡೆಗೇ ನೋಡಿದರು, ನಾನು ಕಾಣಲಿಲ್ಲ. ಆಮೇಲೆ ಕುತ್ತಿಗೆಯನ್ನು ಸಾವಕಾಶ ಎಡಕ್ಕೆ ಹೊರಳಿಸಿದರು, ಇನ್ನೂ ಸ್ವಲ್ಪ ಹೊರಳಿಸಿದರು, ಆಗ ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರ ಮುಖ ಹಾಗೆ ಬಿಳಿಚಿದ್ದನ್ನು ನಾನು ಕಂಡಿಲ್ಲ. ಕೈ ಚಾವಿಯ ಮೇಲೆ ಹೋಯಿತು, ಇಂಜಿನ್ ನಿಂತಿತು.

ಅಣ್ಣ ಇಳಿದರು. “ಲಾಕ್ ಚಲೋ ಐತ್ರಿ, ಏನೂ ಮಾಡೂದು ಬ್ಯಾಡ” ಎಂದಷ್ಟೇ ಅಂದು ಪೆಟ್ಟಿಗೆ ಎತ್ತಿಕೊಂಡು ಹೊರಟರು. ಗೇಟಿನವರೆಗೆ ಅವರ ಹಿಂದೆ ಹೋದೆ. ಅವರು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರು. ಬ್ರೇಕಿನ ಹಿಡಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೋ ಏನೋ.

“ಮೊನ್ನೆ ಅಂದದ್ದು ತಪ್ಪಾತ್ರಿ” ಎಂದೆ.

“ಯಾವುದು? ಭಾಳ ಅಂದೀರಿ ಅಕ್ಕೋರ, ಎಲ್ಲಾ ನೆನಪಿಲ್ಲ” ಎಂದು ನಕ್ಕರು.

ಮೂರನೆಯ ದಿನ ಊಟಕ್ಕೆ ಕೂತಾಗ ನಮ್ಮವರು ಚಾವಿಯನ್ನು ನನ್ನ ತಾಟಿನ ಪಕ್ಕ ಇಟ್ಟರು. “ನೀ ಕಲಿ” ಎಂದರು. “ಅರವತ್ತೆರಡಕ್ಕ?” ಅಂದೆ. “ನಿನ್ನ ಬಾಯಿಗೆ ವಯಸ್ಸಾಗಿಲ್ಲ, ಕೈಕಾಲಿಗೆ ಯಾಕ ಆಗ್ತದ?” ಎಂದರು. ಆದರೆ ಎಡಗಡೆ ಕಾಣುವುದಿಲ್ಲ ಎಂಬ ಮಾತನ್ನು ಆಗಲೂ ಆಡಲಿಲ್ಲ. ಹೊಸ ನಂಬರಿನ ಚಷ್ಮಾ ಬರುವವರೆಗೆ ಯಾರಾದರೂ ನಡೆಸಬೇಕಲ್ಲ ಎಂಬುದು ಅವರ ಲೆಕ್ಕ. ನಾನೂ ಕೆದಕಲಿಲ್ಲ.

ಕಲಿತೆ. ಡ್ರೈವಿಂಗ್ ಸ್ಕೂಲಿನಲ್ಲಿ ನನಗೆ ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಸಣ್ಣವನು, ನನಗಿಂತ ಹೆಚ್ಚು ಬೈಯುತ್ತಿದ್ದ. ಒಮ್ಮೆ ಫೇಲಾದೆ. ಬೇರೆಯವರ ಪೇಪರು ತಿದ್ದಿದ ನನಗೆ ಆ ಫೇಲು ಎರಡು ದಿನ ಊಟ ಸೇರಲು ಬಿಡಲಿಲ್ಲ. ಮತ್ತೆ ಹೋದೆ, ಪಾಸಾದೆ. ಮೊದಲ ದಿನವೇ ಗಾಡಿಯನ್ನು ಶಾಲೆಯ ಗೋಡೆಯ ಹತ್ತಿರ ತಂದು, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ ಎಂದು ನಿಲ್ಲಿಸಿದೆ. ಅಣ್ಣ ಎದ್ದು ನಿಂತರು. ಕಿಟಕಿಯ ಹತ್ತಿರ ಬಂದು ಕೈ ಚಾಚಿದರು.

“ಲೈಸನ್ಸ್ ತೋರಸ್ರಿ.”

ತಮಾಷೆ ಎಂದುಕೊಂಡೆ. ತಮಾಷೆ ಅಲ್ಲ. ತೆಗೆದು ಕೊಟ್ಟೆ. ಫೋಟೋ ನೋಡಿ, ನನ್ನ ಮುಖ ನೋಡಿ, ಹೆಸರು ಓದಿ, “ಹೋಗ್ರಿ ಇನ್ನ” ಎಂದರು.

ಮೊನ್ನೆಯ ಶ್ರಾವಣದಲ್ಲಿ ಅಣ್ಣನಿಗೆ ಕಾಮಾಲೆಯಾಯಿತು. ಊರಿನ ಔಷಧಿ ಅಂತ ಒಂದು ವಾರ ಕಳೆದರು, ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು. ಒಂದು ಬೆಳಿಗ್ಗೆ ಅವರ ಮಗಳ ಫೋನ್ ಬಂತು. ಕನ್ನಡ ಸರಿಯಾಗಿ ಬಾರದ ಹುಡುಗಿ, “ಟೀಚರ್, ಪಪ್ಪಾ ಹೋದ್ರು. ಬಾರಾ ಬಜೆ ಒಯ್ತಾರ” ಎಂದು ಇಟ್ಟಳು. ಗೋರೆಗಾಂವಿನ ಒಂದು ಚಾಳಿನಲ್ಲಿ ಅವರ ಮನೆ. ಹನ್ನೆರಡರೊಳಗೆ ಮುಟ್ಟಬೇಕು, ನಾನು ರಿಕ್ಷಾ ನೋಡುತ್ತೇನೆಂದೆ. ನಮ್ಮವರು ಅಂಗಿ ಹಾಕಿಕೊಳ್ಳುತ್ತ, “ರಿಕ್ಷಾ ಬ್ಯಾಡ. ಗಾಡಿ ತೆಗಿ, ನಾನೂ ಬರ್ತೀನಿ” ಎಂದರು.

ಮಳೆ ಜಿನುಗುತ್ತಿತ್ತು. ದಾರಿಯುದ್ದಕ್ಕೂ ಅವರು ಬೈಯಲಿಲ್ಲ, ಬ್ರೇಕ್ ಹಾಕು ಅನ್ನಲಿಲ್ಲ. ಗೋರೆಗಾಂವಿನಲ್ಲಿ ಚಾಳಿನ ಗಲ್ಲಿಗೆ ಎಡಕ್ಕೆ ಹೊರಳಬೇಕಿತ್ತು. ಗಲ್ಲಿಯ ಬಾಯಲ್ಲಿಯೇ ಸ್ಕೂಟರುಗಳು, ಕೊಡೆ ಹಿಡಿದ ಜನ, ಕೊನೆಯ ದರ್ಶನಕ್ಕೆ ಬಂದವರು. ನಾನು ಇಂಡಿಕೇಟರ್ ಹಾಕಿ, ಎಂದಿನಂತೆ, “ರೀ, ಎಡಗಡೆ ಯಾರರ ಬರ್ತಾರೇನ ನೋಡ್ರಿ” ಎಂದೆ. ನಾನು ಹಾಗೆ ಕೇಳುವುದು, ಅವರು ಅತ್ತ ತಿರುಗಿಯೂ ನೋಡದೆ “ಯಾರಿಲ್ಲ, ಹೋಗು” ಎನ್ನುವುದು, ನಾನು ಗುಟ್ಟಾಗಿ ಕನ್ನಡಿಯಲ್ಲಿ ನೋಡಿಕೊಂಡು ತಿರುಗಿಸುವುದು, ಇದು ನಮ್ಮ ನಿತ್ಯದ ನಾಟಕವಾಗಿತ್ತು. ಅವರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಅವತ್ತು ಅವರು ನನ್ನ ಕಡೆ ತಿರುಗಿದರು.

“ನೀನ ನೋಡ್ಕೋ” ಎಂದರು. “ನನಗ ಎಡಕ್ಕ ಕಾಣೂದಿಲ್ಲ.”

ನಾನು ಗಾಡಿ ನಿಲ್ಲಿಸಿ, ಅವರ ಮುಂದೆ ಬಾಗಿ, ಎಡಗಡೆ ಚೆನ್ನಾಗಿ ನೋಡಿ, ತಿರುಗಿಸಿದೆ.